ಬಜ್ಜಿ ವಾಸನೆ ಬಂದರೂ ಹೊಗೆ ಹೊಗೆಯೇ: ಬಯೋಡೀಸೆಲ್ ಹಾಕುವವರು ಎಂಜಿನ್ ಇಟ್ಟುಕೊಳ್ಳುವ ಬಗೆ

ನನ್ನದು ದಾವಣಗೆರೆಯಲ್ಲಿ ಡೀಸೆಲ್ ಎಂಜಿನ್ನಿನೊಳಗೆ ಎಣ್ಣೆ ಸಿಂಪಡಿಸುವ ನಾಜಲ್, ಅದಕ್ಕೆ ಎಣ್ಣೆ ಒತ್ತಿ ಕೊಡುವ ಪಂಪ್, ಇವುಗಳ ರಿಪೇರಿ ಕೆಲಸ. ಹದಡಿ ರಸ್ತೆ ಕಡೆ ಒಂದು ಚಿಕ್ಕ ಶೆಡ್ಡು ಇದೆ. ಇಪ್ಪತ್ತಾರು ವರ್ಷದಿಂದ ಡೀಸೆಲ್ ಎಂಜಿನ್ನುಗಳ ಜೊತೆಗೇ ಇದ್ದೇನೆ. ಹೊಲದ ಪಂಪ್‌ಸೆಟ್ಟು, ಅಂಗಡಿಗಳ ಜನರೇಟರು, ಟ್ರ್ಯಾಕ್ಟರು, ಮೆಕ್ಕೆಜೋಳ ಒಕ್ಕುವ ಮಷಿನ್ನು, ಎಲ್ಲವೂ ಬರುತ್ತವೆ. ಈಚೆಗೆ ಬಯೋಡೀಸೆಲ್ (ಹೊಂಗೆ, ಕರಿದ ಎಣ್ಣೆ ಇಂಥವುಗಳಿಂದ ಮಾಡಿದ, ಡೀಸೆಲ್ ಬದಲು ಹಾಕುವ ಎಣ್ಣೆ) ಹಾಕಿ ಓಡಿಸುವ ಎಂಜಿನ್ನುಗಳೂ ಬರುತ್ತಿವೆ. ಬಂದವರೆಲ್ಲ ಹೇಳುವುದು ಒಂದೇ ಮಾತು: "ಇದರಲ್ಲಿ ಹೊಗೆ ಇಲ್ಲ, ಕೆಡುಕೂ ಇಲ್ಲ." ಮೊದಲ ಮಾತು ಅರ್ಧ ಸರಿ. ಎರಡನೆಯದು ಸರಿಯಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಅಕ್ಕ ಸುಗ್ಗಿಯಲ್ಲಿ ಮೆಕ್ಕೆಜೋಳದ ಕಣಕ್ಕೆ ಕೂಲಿಗೆ ಹೋಗುತ್ತಾಳೆ. ತೆನೆ ಒಕ್ಕುವ ಮಷಿನ್ನಿನ ಪಕ್ಕದಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ನಿಂತು ಬುಟ್ಟಿ ಸುರಿಯುವ ಕೆಲಸ. ಆ ಮಷಿನ್ನಿಗೆ ಸ್ವಂತ ಎಂಜಿನ್ ಇದೆ. ಅದರ ಸೈಲೆನ್ಸರ್ ಬಾಯಿ ಸರಿಯಾಗಿ ಆಳಿನ ಎದೆ ಎತ್ತರಕ್ಕೆ ಬರುತ್ತದೆ. ಸಂಜೆ ಮನೆಗೆ ಬಂದು ಅಕ್ಕ ಸೆರಗು ತೊಳೆದರೆ ನೀರು ಮಸಿಯಾಗುತ್ತಿತ್ತು. ಮೂಗಿಗೆ ಕಟ್ಟಿಕೊಂಡಿದ್ದ ಜಾಗದಲ್ಲಿ ದುಂಡಗೆ ಕಪ್ಪು ಕಲೆ. ಸೋಪು ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ.

ಮಾರನೆಯ ವರ್ಷ ಮಷಿನ್ನಿನ ಮಾಲೀಕರು ಬಯೋಡೀಸೆಲ್ ತಂದು ಹಾಕಿದರು. ಕಡಿಮೆ ರೇಟಿಗೆ ಸಿಕ್ಕಿತ್ತಂತೆ. ಮಿರ್ಚಿ ಕರಿದ ವಾಸನೆ ಬರುತ್ತದೆ ಎಂದು ಕಣದಲ್ಲಿ ಎಲ್ಲರಿಗೂ ಖುಷಿ. ಹೊಗೆಯೂ ಕಣ್ಣಿಗೆ ಕಾಣುತ್ತಿರಲಿಲ್ಲ. ಮೂರನೇ ದಿನ ಅಕ್ಕ ಹೇಳಿದಳು, "ಹೊಗೆ ಕಾಣಲ್ಲ ತಮ್ಮಾ, ಆದ್ರೆ ಕಣ್ಣು ಉರಿತಾವೆ. ಗಂಟ್ಲು ಕೆರಿತೈತೆ. ಮೊದ್ಲಿನಕಿಂತ ಜಾಸ್ತಿನೇ ಐತೆ."

ನಾನು ಹೋಗಿ ನೋಡಿದೆ. ಒಂದು ಬಾಟಲಿ ಎಣ್ಣೆ ತಂದು ಪರೀಕ್ಷೆ ಮಾಡಿದೆ. ಅದು ಸರಿಯಾಗಿ ತೊಳೆಯದ ಎಣ್ಣೆ. ಬಯೋಡೀಸೆಲ್ ಮಾಡುವಾಗ ಬೇರೆ ಮಾಡಿ ತೆಗೆಯಬೇಕಾದ ಗ್ಲಿಸರಿನ್ ಒಳಗೆ ಹಾಗೇ ಉಳಿದಿತ್ತು. ಅಲ್ಲಿಂದ ಈಚೆಗೆ ಬಯೋಡೀಸೆಲ್ ಎಂಜಿನ್ ಯಾರೇ ತಂದರೂ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಅದನ್ನೇ ಇಲ್ಲಿ ಹೇಳುತ್ತೇನೆ.

ಸೈಲೆನ್ಸರಿನಿಂದ ಏನೇನು ಬರುತ್ತದೆ

ಮೊದಲು ಇದು ತಿಳಿದಿರಬೇಕು. ಇಲ್ಲದಿದ್ದರೆ ಯಾವ ಸ್ಕ್ರೂ ಯಾಕೆ ತಿರುಗಿಸುತ್ತೇವೆ ಎಂಬುದೇ ಗೊತ್ತಾಗುವುದಿಲ್ಲ.

ಕಣ್ಣಿಗೆ ಕಾಣುವ ಕಪ್ಪು ಹೊಗೆ ಅಂದರೆ ಮಸಿ. ಪೂರ್ತಿ ಸುಡದ ಇಂಗಾಲದ ಪುಡಿ. ಅದಕ್ಕೆ ಅಂಟಿಕೊಂಡು ಬೇರೆ ವಿಷಗಳೂ ಹೋಗುತ್ತವೆ. ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಮೊದಲ ಗುಂಪಿಗೆ ಸೇರಿಸಿತು. ಅಂದರೆ ಸಾಕ್ಷಿ ಸಾಕಷ್ಟು ಇದೆ ಎಂದರ್ಥ, ಬರೀ ಅನುಮಾನ ಅಲ್ಲ.

ಕಣ್ಣಿಗೆ ಕಾಣದವು ಬೇರೆ ಇವೆ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಹೈಡ್ರೋಕಾರ್ಬನ್ ಅಂದರೆ ಸುಡದೆ ಹಾಗೇ ಹೊರಬಿದ್ದ ಎಣ್ಣೆಯ ಆವಿ. ಮೂರನೆಯದು ನೈಟ್ರೋಜನ್ ಆಕ್ಸೈಡುಗಳು, ನಾವು ನಾಕ್ಸ್ ಅನ್ನುತ್ತೇವೆ. ಇದು ಎಣ್ಣೆಯಿಂದ ಬರುವುದಲ್ಲ. ಸಿಲಿಂಡರ್ ಒಳಗೆ ಬಿಸಿ ಹದ ಮೀರಿದಾಗ ಗಾಳಿಯಲ್ಲೇ ಇರುವ ನೈಟ್ರೋಜನ್ನೂ ಆಕ್ಸಿಜನ್ನೂ ಸೇರಿಕೊಂಡು ಆಗುವುದು. ಶ್ವಾಸಕೋಶಕ್ಕೆ ಕೆಟ್ಟದ್ದು. ಬಿಸಿಲಿಗೆ ಬಿದ್ದರೆ ಓಝೋನ್ ಆಗುವುದಕ್ಕೂ ಇದೇ ಕಾರಣ.

ಈಗ ಬಯೋಡೀಸೆಲ್ ಹಾಕಿದರೆ ಏನಾಗುತ್ತದೆ? ಬಯೋಡೀಸೆಲ್‌ನಲ್ಲಿ ತೂಕದ ಲೆಕ್ಕದಲ್ಲಿ ಶೇ. 10ರಿಂದ 11ರಷ್ಟು ಆಕ್ಸಿಜನ್ ಇರುತ್ತದೆ. ಡೀಸೆಲ್‌ನಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಸುಡುವ ಎಣ್ಣೆ ತನ್ನ ಆಕ್ಸಿಜನ್ನನ್ನು ಸ್ವಲ್ಪ ತಾನೇ ಹೊತ್ತು ತಂದ ಹಾಗೆ. ಅದಕ್ಕೆ ಮಸಿ ಕಡಿಮೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2002ರಲ್ಲಿ ದೊಡ್ಡ ಎಂಜಿನ್ನುಗಳ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕ ಕೊಟ್ಟಿತು. ಅದು ಹೆಚ್ಚಾಗಿ ಸೋಯಾ ಎಣ್ಣೆಯ ಬಯೋಡೀಸೆಲ್‌ನ ಲೆಕ್ಕ. ಪೂರ್ತಿ ಬಯೋಡೀಸೆಲ್ ಹಾಕಿದರೆ ಮಸಿ ಶೇ. 47, ಕಾರ್ಬನ್ ಮೊನಾಕ್ಸೈಡ್ ಶೇ. 48, ಹೈಡ್ರೋಕಾರ್ಬನ್ ಶೇ. 67 ಇಳಿಯುತ್ತದೆ. ನಾಕ್ಸ್ ಮಾತ್ರ ಶೇ. 10 ಏರುತ್ತದೆ. ನೂರಕ್ಕೆ ಇಪ್ಪತ್ತು ಬೆರೆಸಿದರೆ, ಅಂದರೆ ಬಿ20 ಆದರೆ, ಮಸಿ ಶೇ. 10, ಮೊನಾಕ್ಸೈಡ್ ಶೇ. 11, ಹೈಡ್ರೋಕಾರ್ಬನ್ ಶೇ. 21 ಕಡಿಮೆ. ನಾಕ್ಸ್ ಶೇ. 2 ಜಾಸ್ತಿ.

ಅರ್ಧ ಮಸಿ ಹೋಯಿತು ಅಂದರೆ ಇನ್ನರ್ಧ ಇದೆ ಅಂತಲೇ ಅಲ್ವಾ? ಉಳಿದದ್ದು ಸಣ್ಣ ಸಣ್ಣ ಕಣ. ಕಣ್ಣಿಗೆ ಬೀಳುವುದಿಲ್ಲ, ಎದೆಯ ಒಳಕ್ಕೆ ಇಳಿಯುತ್ತದೆ. ಮೊದಲು ಕಪ್ಪು ಹೊಗೆ ಕಂಡ ಕೂಡಲೇ ಜನ ಮುಖ ತಿರುಗಿಸುತ್ತಿದ್ದರು, ದೂರ ನಿಲ್ಲುತ್ತಿದ್ದರು. ಈಗ ಬಜ್ಜಿ ವಾಸನೆ ಎಂದು ಪಕ್ಕದಲ್ಲೇ ಕೂತು ಊಟ ಮಾಡುತ್ತಾರೆ. ನನಗೆ ಅತಿ ದೊಡ್ಡ ಚಿಂತೆ ಇದೇ.

ಇನ್ನು ಗಂಧಕ. ಬಯೋಡೀಸೆಲ್‌ನಲ್ಲಿ ಗಂಧಕ ತೀರಾ ಕಡಿಮೆ ಎಂದು ಹೊಗಳುತ್ತಾರೆ. ನಿಜ. ಆದರೆ 2020ರ ಏಪ್ರಿಲ್‌ನಿಂದ ಬಂಕಿನಲ್ಲಿ ಬರುವ ಬಿಎಸ್-6 (ಸರ್ಕಾರದ ಹೊಗೆ ನಿಯಮದ ಆರನೇ ಹಂತ) ಡೀಸೆಲ್‌ನಲ್ಲೂ ಗಂಧಕ ಹತ್ತು ಲಕ್ಷಕ್ಕೆ 10 ಭಾಗ ಮೀರುವಂತಿಲ್ಲ. ಹಾಗಾಗಿ ಆ ಲಾಭ ಈಗ ಲೆಕ್ಕಕ್ಕೆ ಬರುವುದಿಲ್ಲ.

ಎಣ್ಣೆ ಬದಲಿಸುವ ಮೊದಲು ಎಂಜಿನ್ ಸರಿ ಮಾಡಿ

ಹೊಗೆ ಬಿಡುವ ಎಂಜಿನ್ನಿಗೆ ಬಯೋಡೀಸೆಲ್ ಹಾಕಿ ಹೊಗೆ ಮುಚ್ಚಬೇಡಿ. ಜ್ವರಕ್ಕೆ ಕಂಬಳಿ ಹೊದಿಸಿದ ಹಾಗೆ ಆಗುತ್ತದೆ. ಮೊದಲು ಬರೀ ಡೀಸೆಲ್‌ನಲ್ಲೇ ಓಡಿಸಿ, ಹೊಗೆಯ ಬಣ್ಣ ನೋಡಿ. ಕಪ್ಪು ಬಂದರೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಲೋಡ್ ಜಾಸ್ತಿ, ಇಲ್ಲವೇ ನಾಜಲ್ ಕೆಟ್ಟಿದೆ. ನೀಲಿ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ, ರಿಂಗು ಅಥವಾ ವಾಲ್ವ್ ಗೈಡ್ ನೋಡಬೇಕು. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಟೈಮಿಂಗ್, ಅಂದರೆ ನಾಜಲ್ ಎಣ್ಣೆ ಬಿಡುವ ಹೊತ್ತು, ತಡವಾಗಿದೆ, ಕಂಪ್ರೆಷನ್ ಇಲ್ಲ, ಅಥವಾ ಎಣ್ಣೆಗೆ ನೀರು ಸೇರಿದೆ.

ಏರ್ ಕ್ಲೀನರ್‌ನಿಂದ ಶುರು ಮಾಡಿ. ಮೆಕ್ಕೆಜೋಳದ ಸುಗ್ಗಿಯಲ್ಲಿ ಕಣದ ಗಾಳಿಯಲ್ಲಿ ತೌಡಿನಂಥ ಸಿಪ್ಪೆ ಪುಡಿ ತುಂಬಿರುತ್ತದೆ. ಎಣ್ಣೆ ಬಟ್ಟಲಿನ ಏರ್ ಕ್ಲೀನರ್ ಆದರೆ ಎರಡೇ ದಿನಕ್ಕೆ ತಳದಲ್ಲಿ ಕೆಸರು ಕಟ್ಟುತ್ತದೆ. ವಾರಕ್ಕೊಮ್ಮೆ ಸಾಕು ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಸುಗ್ಗಿಯಲ್ಲಿ ದಿನಾ ಬಿಚ್ಚಿ ತೊಳೆಯಿರಿ. ಹತ್ತು ನಿಮಿಷದ ಕೆಲಸ. ನನ್ನ ಶೆಡ್ಡಿಗೆ ಕಪ್ಪು ಹೊಗೆ ಎಂದು ಬರುವ ಎಂಜಿನ್ನುಗಳಲ್ಲಿ ಎಷ್ಟೋ ಇಷ್ಟಕ್ಕೇ ಸರಿಹೋಗಿವೆ.

ಆಮೇಲೆ ನಾಜಲ್. ಅಕ್ಕನ ಕಣದ ಮಷಿನ್ನಿನ ನಾಜಲ್ ನಾನೇ ಬಿಚ್ಚಿದೆ. ತುದಿಯಲ್ಲಿ ಕಾರ್ಬನ್ ಹೂವಿನ ಹಾಗೆ ಅರಳಿ ಕೂತಿತ್ತು. ಉಗುರಿನಿಂದ ಒತ್ತಿದರೆ ಪುಡಿಯಾಗದಷ್ಟು ಗಟ್ಟಿ. ಸೀಮೆಎಣ್ಣೆಯಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಹಿತ್ತಾಳೆ ಬ್ರಷ್‌ನಲ್ಲಿ ಉಜ್ಜಿದೆ. ಆಗ ತೂತು ಕಂಡವು. ಮೂರು ತೂತು ಇರಬೇಕಾದಲ್ಲಿ ಒಂದು ಪೂರ್ತಿ ಕಟ್ಟಿತ್ತು. ಇನ್ನೊಂದು ಅರ್ಧ. ಇದ್ದ ಎಣ್ಣೆಯೆಲ್ಲ ಉಳಿದ ಒಂದೂವರೆ ತೂತಿನಿಂದ ಬರಬೇಕಿತ್ತು. ಹನಿ ದಪ್ಪ ಆಗುತ್ತದೆ, ಪಿಸ್ಟನ್ ಮೇಲೆ ಒಂದೇ ಕಡೆ ಬೀಳುತ್ತದೆ, ಸುಡುವುದಿಲ್ಲ. ಹಾಗಿದ್ದರೆ ಯಾವ ಎಣ್ಣೆ ಹಾಕಿದರೂ ಒಂದೇ.

ನಾಜಲ್ ಟೆಸ್ಟರ್‌ಗೆ ಹಾಕಿ ಹ್ಯಾಂಡಲ್ ಒತ್ತಿದಾಗ ಎಲ್ಲ ತೂತಿನಿಂದಲೂ ಮಂಜಿನ ಹಾಗೆ ಒಂದೇ ಸಮ ಬರಬೇಕು. ಕರ್ ಕರ್ ಎಂದು ಸದ್ದು ಬರಬೇಕು. ನಿಂತ ಮೇಲೆ ತುದಿ ಒಣಗಿರಬೇಕು. ತುದಿಯಲ್ಲಿ ಒಂದು ಹನಿ ತೂಗುತ್ತಿದ್ದರೂ ಆ ನಾಜಲ್ ಹೊಗೆ ಬಿಡುತ್ತದೆ. ಒತ್ತಡ ಎಂಜಿನ್ ಪುಸ್ತಕದಲ್ಲಿ ಇರುವಷ್ಟೇ ಇಡಿ. ನಮ್ಮ ಕಡೆ ಹೊಲಗಳಲ್ಲಿ ಇರುವ ಒಂಟಿ ಸಿಲಿಂಡರ್ 5 ಎಚ್‌ಪಿ ಎಂಜಿನ್ನುಗಳಿಗೆ ಸಾಮಾನ್ಯವಾಗಿ 200 ಬಾರ್ ಆಸುಪಾಸು. ಆ ಮಂಜಿಗೆ ಕೈ ಒಡ್ಡಬೇಡಿ. ಚರ್ಮ ತೂರಿ ಒಳಗೆ ಹೋಗುತ್ತದೆ, ಬೆರಳು ಕತ್ತರಿಸುವ ತನಕ ಹೋದದ್ದೂ ಉಂಟು.

ಇನ್ನೊಂದು ಮಾತು. ಪಂಪಿನ ಸೀಲ್ ಒಡೆದು ಎಣ್ಣೆ ಜಾಸ್ತಿ ಬರುವಂತೆ ಮಾಡಿಸಬೇಡಿ. ಬಯೋಡೀಸೆಲ್‌ನಲ್ಲಿ ಶಕ್ತಿ ಸ್ವಲ್ಪ ಕಡಿಮೆ. ಲೀಟರಿಗೆ ಡೀಸೆಲ್‌ಗಿಂತ ಶೇ. 8ರಿಂದ 10 ಕಮ್ಮಿ. ಬಿ20 ಆದರೆ ಶೇ. 2ರ ಒಳಗೆ. ಆ ಎರಡಕ್ಕೋಸ್ಕರ "ಪಿಕಪ್ ಇಲ್ಲ, ಸ್ವಲ್ಪ ಎಣ್ಣೆ ಜಾಸ್ತಿ ಬಿಡಿ ಅಣ್ಣಾ" ಎಂದು ಬರುತ್ತಾರೆ. ನಾನು ಬಿಡುವುದಿಲ್ಲ. ಬಯೋಡೀಸೆಲ್ ತಗ್ಗಿಸಿದ ಮಸಿಯನ್ನೆಲ್ಲ ಪಂಪಿನ ಸ್ಕ್ರೂ ತಿರುಗಿಸಿದ ಆ ಅರ್ಧ ಸುತ್ತು ವಾಪಸ್ ತರುತ್ತದೆ.

ಎಣ್ಣೆ ನೋಡಿ ತಗೊಳ್ಳಿ

ಕರಿದ ಎಣ್ಣೆಯನ್ನು ಸೋಸಿ ಹಾಗೇ ಟ್ಯಾಂಕಿಗೆ ಸುರಿಯುವುದು ಬಯೋಡೀಸೆಲ್ ಅಲ್ಲ. ಇದನ್ನು ಮೊದಲೇ ಸ್ಪಷ್ಟ ಮಾಡಿಕೊಳ್ಳೋಣ. ಹಸಿ ಎಣ್ಣೆ ಡೀಸೆಲ್‌ಗಿಂತ ಹತ್ತು ಪಟ್ಟು ಮಂದ. ನಾಜಲ್ ಕಟ್ಟುತ್ತದೆ, ರಿಂಗು ಅಂಟುತ್ತದೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ ಶೇಂಗಾ ಎಣ್ಣೆಯಲ್ಲಿ ಓಡಿತ್ತು ಎಂಬುದು ನಿಜ. ಚಳ್ಳಕೆರೆಯ ಎಣ್ಣೆ ಮಿಲ್ಲಿನವರು ಅದನ್ನೇ ಹೇಳಿ ನನ್ನ ಜೊತೆ ವಾದಕ್ಕೆ ನಿಲ್ಲುತ್ತಾರೆ. ಓಡಿತು, ಸರಿ. ದಿನಾ ಹತ್ತು ಗಂಟೆ, ಮೂರು ತಿಂಗಳು ಓಡಿಸಿ ನೋಡಲಿ.

ಬಯೋಡೀಸೆಲ್ ಅಂದರೆ ಎಣ್ಣೆಗೆ ಮೆಥನಾಲ್ ಸೇರಿಸಿ, ಕಾಸ್ಟಿಕ್ ಸೋಡಾ ಹಾಕಿ, ಅದರ ಗುಣ ಬದಲಿಸಿದ್ದು. ಆಗ ಗ್ಲಿಸರಿನ್ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಮೇಲಿನದ್ದನ್ನು ತೆಗೆದು, ತೊಳೆದು, ನೀರು ಆರಿಸಬೇಕು. ಹೊಂಗೆ, ಹಿಪ್ಪೆ, ಬೇವು, ಕರಿದ ಪಾಮ್ ಎಣ್ಣೆ, ಯಾವುದರಿಂದ ಬೇಕಾದರೂ ಮಾಡಬಹುದು. ಮನೆಯಲ್ಲಿ ಮಾಡಿ ಎಂದು ನಾನು ಹೇಳುವುದಿಲ್ಲ. ಮೆಥನಾಲ್ ವಿಷ, ಅದರ ಆವಿಗೆ ಬೆಂಕಿ ಹತ್ತಿದರೆ ಉರಿ ಹಗಲಲ್ಲಿ ಕಣ್ಣಿಗೂ ಕಾಣುವುದಿಲ್ಲ.

ನಮ್ಮ ಊರಿಗೆ ಕರಿದ ಎಣ್ಣೆ ಹೊಸದಲ್ಲ. ಮಂಡಕ್ಕಿ ಮಿರ್ಚಿ ಅಂಗಡಿ ಇಲ್ಲದ ಬೀದಿ ಎಲ್ಲಿದೆ? ಎಣ್ಣೆಯಲ್ಲಿ ಕೆಟ್ಟ ಅಂಶ ಶೇ. 25 ದಾಟಿದರೆ ಅಡುಗೆಗೆ ಬಳಸುವಂತಿಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈನಿಂದ ನಿಯಮ ಮಾಡಿದೆ. ಆ ಎಣ್ಣೆಯನ್ನು ಬಯೋಡೀಸೆಲ್‌ಗೆ ಕೊಡುವ ಯೋಜನೆಯೂ ಅದೇ ವರ್ಷ ಬಂತು. ಅದೇ ಎಣ್ಣೆ ಮತ್ತೆ ಬಾಣಲೆಗೆ ಹೋಗುವುದಕ್ಕಿಂತ ಎಂಜಿನ್ನಿಗೆ ಹೋಗುವುದು ಸಾವಿರ ಪಾಲು ಮೇಲು. ನನಗೆ ಬಯೋಡೀಸೆಲ್ ಮೇಲೆ ಸಿಟ್ಟಿಲ್ಲ. ಅರ್ಧಂಬರ್ಧ ಮಾಡಿದ ಬಯೋಡೀಸೆಲ್ ಮೇಲೆ ಇದೆ.

ಯಾಕೆ ಅಂದರೆ ಈ ಗ್ಲಿಸರಿನ್. ಒಗ್ಗರಣೆಗೆ ಇಟ್ಟ ಎಣ್ಣೆ ಮರೆತು ಜಾಸ್ತಿ ಕಾದಾಗ ಒಂದು ಹೊಗೆ ಏಳುತ್ತದಲ್ಲ, ಇಡೀ ಮನೆಯವರ ಕಣ್ಣಲ್ಲಿ ನೀರು ಬರುತ್ತದಲ್ಲ, ಆ ಹೊಗೆಯಲ್ಲಿ ಇರುವುದು ಆಕ್ರೋಲಿನ್ ಎಂಬ ಅನಿಲ. ಗ್ಲಿಸರಿನ್ ಕಾದು ಒಡೆದಾಗ ಆಗುವುದು ಅದೇ. ಅಕ್ಕನ ಕಣ್ಣು ಉರಿದದ್ದಕ್ಕೆ ಇದೇ ಕಾರಣ ಎಂದು ನನ್ನ ತೀರ್ಮಾನ. ಎಣ್ಣೆ ಬದಲಿಸಿ ನಾಜಲ್ ಸರಿ ಮಾಡಿದ ಮೇಲೆ ಉರಿ ನಿಂತಿತು. ಬಯೋಡೀಸೆಲ್‌ಗೆ ಇರುವ ಭಾರತೀಯ ಮಾನಕ ಐಎಸ್ 15607ರ ಪ್ರಕಾರ ಬಿಡಿ ಗ್ಲಿಸರಿನ್ ಶೇ. 0.02 ದಾಟಬಾರದು. ನೂರು ಕೆಜಿ ಎಣ್ಣೆಯಲ್ಲಿ 20 ಗ್ರಾಂ. ಅಷ್ಟು ಬಿಗಿ ಇಟ್ಟಿರುವುದು ಸುಮ್ನೆ ಅಲ್ಲ.

ಮಾರುವವರ ಹತ್ತಿರ ಆ ಮಾನಕದ ಪರೀಕ್ಷೆ ಚೀಟಿ ಕೇಳಿ. ಡ್ರಮ್ಮಿನ ಬ್ಯಾಚ್ ನಂಬರೂ ಚೀಟಿಯ ನಂಬರೂ ಒಂದೇ ಇರಬೇಕು. ಚೀಟಿ ಇಲ್ಲ ಅಂದರೆ ತಗೊಳ್ಳಬೇಡಿ. ಚೀಟಿ ಇದ್ದರೂ ಮನೆಗೆ ತಂದು ಈ ಪರೀಕ್ಷೆ ಮಾಡಿ.

ಒಂದು ಗಾಜಿನ ಬಾಟಲಿಯಲ್ಲಿ ಅರ್ಧ ಬಯೋಡೀಸೆಲ್, ಅರ್ಧ ನೀರು ಹಾಕಿ. ಮುಚ್ಚಳ ಬಿಗಿ ಮಾಡಿ ಹತ್ತು ಸೆಕೆಂಡ್ ಜೋರಾಗಿ ಕುಲುಕಿ ಇಡಿ. ಒಳ್ಳೆಯ ಎಣ್ಣೆ ಅರ್ಧ ಗಂಟೆಯೊಳಗೆ ಮೇಲೆ ಬಂದು ನಿಲ್ಲುತ್ತದೆ, ಕೆಳಗೆ ನೀರು ತಿಳಿಯಾಗಿರುತ್ತದೆ. ನಡುವೆ ಮೊಸರಿನ ಕೆನೆಯಂಥ ಬಿಳಿ ಪದರ ಕೂತರೆ ಅದು ಸೋಪು. ಕಾಸ್ಟಿಕ್ ತೊಳೆದಿಲ್ಲ ಎಂದರ್ಥ. ನಾನು ತಂದ ಬಾಟಲಿಯಲ್ಲಿ ಪದರವೂ ಇರಲಿಲ್ಲ. ಬಾಟಲಿಗೆ ಬಾಟಲಿಯೇ ಮಜ್ಜಿಗೆ ಆಗಿ, ಮಾರನೇ ದಿನ ಬೆಳಿಗ್ಗೆವರೆಗೂ ಹಾಗೇ ಇತ್ತು.

ಎರಡನೆಯದು ನೀರಿನ ಪರೀಕ್ಷೆ. ಬಾಣಲೆ ಕಾಯಿಸಿ, ಒಲೆ ಆರಿಸಿ, ಒಂದು ಚಮಚ ಎಣ್ಣೆ ಹಾಕಿ. ಚಟಪಟ ಎಂದರೆ ನೀರು ಇದೆ. ಇದನ್ನು ಹೊರಗೆ, ಬಯಲಲ್ಲಿ ಮಾಡಿ. ಮೂರನೆಯದನ್ನು ಮಾರುವವರ ಹತ್ತಿರವೇ ನಿಮ್ಮ ಕಣ್ಣೆದುರು ಮಾಡಿಸಿ. 27 ಮಿಲಿ ಮೆಥನಾಲ್‌ಗೆ 3 ಮಿಲಿ ಬಯೋಡೀಸೆಲ್ ಹಾಕಿ ಕಲಕಿದರೆ ಪೂರ್ತಿ ಕರಗಬೇಕು. ತಳದಲ್ಲಿ ಎಣ್ಣೆ ಹನಿ ಉಳಿದರೆ ಅದು ಬದಲಾಗದ ಹಸಿ ಎಣ್ಣೆ.

ಬೆರೆಸುವುದು

ಮೊದಲ ದಿನವೇ ಪೂರ್ತಿ ಹಾಕಬೇಡಿ. ನಾನು ನೂರಕ್ಕೆ ಐದರಿಂದ ಶುರು ಮಾಡಿಸುತ್ತೇನೆ. ಆಮೇಲೆ ಹತ್ತು. ಕೊನೆಗೆ ಇಪ್ಪತ್ತು. ಅಲ್ಲಿಗೇ ನಿಲ್ಲಿಸುತ್ತೇನೆ. 200 ಲೀಟರ್ ಡ್ರಮ್ಮಿಗೆ ಬಿ20 ಬೇಕಾದರೆ 160 ಲೀಟರ್ ಡೀಸೆಲ್, 40 ಲೀಟರ್ ಬಯೋಡೀಸೆಲ್. ಮೊದಲು ಡೀಸೆಲ್ ಹಾಕಿ, ಅದರ ಮೇಲೆ ಬಯೋಡೀಸೆಲ್ ಸುರಿಯಿರಿ. ಬಯೋಡೀಸೆಲ್ ಭಾರ. ಇಳಿಯುತ್ತಾ ತಾನೇ ಬೆರೆಯುತ್ತದೆ. ತಿರುವುಮುರುವು ಮಾಡಿದರೆ ತಳದಲ್ಲೇ ಕೂತುಬಿಡುತ್ತದೆ. ಎಂಜಿನ್ನಿಗೆ ಒಂದು ದಿನ ಬರೀ ಬಯೋಡೀಸೆಲ್, ಇನ್ನೊಂದು ದಿನ ಬರೀ ಡೀಸೆಲ್ ಹೋಗುತ್ತದೆ.

ಬಯೋಡೀಸೆಲ್ ಟ್ಯಾಂಕಿನ ಹಳೇ ಕೊಳೆಯನ್ನೆಲ್ಲ ಕಿತ್ತು ತರುತ್ತದೆ. ಅದು ಹೋಗಿ ಫಿಲ್ಟರ್ ಕಟ್ಟುತ್ತದೆ. ಜನ ಬಯೋಡೀಸೆಲ್ ಕೆಟ್ಟದ್ದು ಎಂದು ಬೈಯುತ್ತಾರೆ. ಕೊಳೆ ನಿಮ್ಮ ಟ್ಯಾಂಕಿನದೇ. ಟ್ಯಾಂಕ್ ತೊಳೆದೇ ಶುರು ಮಾಡಿ. ಮೊದಲ ಫಿಲ್ಟರನ್ನು ಹದಿನೈದು ಇಪ್ಪತ್ತು ಗಂಟೆಗೇ ಬದಲಿಸಿ. ರಬ್ಬರ್ ಪೈಪು ಹಳೆಯದಾದರೆ ಉಬ್ಬಿ ಮೆತ್ತಗಾಗುತ್ತದೆ, ವಾರಕ್ಕೊಮ್ಮೆ ಹಿಂಡಿ ನೋಡಿ. ಎಣ್ಣೆಗೆ ಉಬ್ಬದ ವೈಟನ್ ರಬ್ಬರಿನ ಪೈಪು ಸಿಕ್ಕರೆ ಅದೇ ಹಾಕಿಸಿ.

ಎಂಜಿನ್ ಆಯಿಲ್ ಕಡ್ಡಿ ದಿನಾ ನೋಡಿ. ಆಯಿಲ್ ಮಟ್ಟ ಏರಿದ್ದರೆ ಸಂತೋಷಪಡಬೇಡಿ. ಸುಡದ ಬಯೋಡೀಸೆಲ್ ರಿಂಗು ದಾಟಿ ಕೆಳಗೆ ಇಳಿದಿದೆ. ಡೀಸೆಲ್ ಆದರೆ ಬಿಸಿಗೆ ಸ್ವಲ್ಪ ಆವಿಯಾಗಿ ಹೋಗುತ್ತದೆ, ಇದು ಹೋಗುವುದಿಲ್ಲ. ಆಯಿಲ್ ತೆಳ್ಳಗಾಗಿ ಬೇರಿಂಗ್ ತಿನ್ನುತ್ತದೆ.

ಹೊಸ ಗಾಡಿಗಳಿಗೆ ಒಂದು ಎಚ್ಚರಿಕೆ. ಬಿಎಸ್-6 ಗಾಡಿ, 2023ರ ಜನವರಿಯಿಂದ ಬಂದ 50 ಎಚ್‌ಪಿಗಿಂತ ದೊಡ್ಡ ಟ್ರ್ಯಾಕ್ಟರು, ಇವಕ್ಕೆ ಕಂಪನಿ ಪುಸ್ತಕದಲ್ಲಿ ಎಷ್ಟು ಬರೆದಿದೆಯೋ ಅಷ್ಟೇ. ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರು, ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟು ಇರುತ್ತವೆ. ತೊಳೆಯದ ಎಣ್ಣೆಯ ಸೋಡಿಯಂ ಅವನ್ನು ಹಾಳು ಮಾಡುತ್ತದೆ. ಇಲ್ಲಿ ನಾನು ಹೇಳುವುದೆಲ್ಲ ಹಳೇ ಪಂಪಿನ ಎಂಜಿನ್ನುಗಳಿಗೆ.

ನಾಕ್ಸ್ ಇಳಿಸಲು ಶಿಮ್

ಇದು ಮಿಸ್ತ್ರಿಗಳಿಗೆ. ಬಯೋಡೀಸೆಲ್ ಅಮುಕಿದರೆ ಡೀಸೆಲ್‌ನಷ್ಟು ಕುಗ್ಗುವುದಿಲ್ಲ. ಪಂಪ್ ಒತ್ತಿದ ಒತ್ತಡ ಪೈಪಿನಲ್ಲಿ ಬೇಗ ನಾಜಲ್ ಮುಟ್ಟುತ್ತದೆ. ಸೂಜಿ ಸ್ವಲ್ಪ ಮುಂಚೆ ಏಳುತ್ತದೆ. ಅಂದರೆ ನೀವು ಮುಟ್ಟದೆಯೇ ಟೈಮಿಂಗ್ ಮುಂದೆ ಹೋದ ಹಾಗೆ. ಬೆಂಕಿ ಬೇಗ ಹತ್ತುತ್ತದೆ, ಬಿಸಿ ಏರುತ್ತದೆ, ನಾಕ್ಸ್ ಜಾಸ್ತಿ ಆಗುತ್ತದೆ. ಹಳೇ ಪಂಪು, ಪೈಪು, ನಾಜಲ್ ಇರುವ ಎಂಜಿನ್ನುಗಳಲ್ಲಿ ಏರಿಕೆಗೆ ಇದೂ ಒಂದು ಕಾರಣ.

ಒಂಟಿ ಸಿಲಿಂಡರ್ ಎಂಜಿನ್ನಿನಲ್ಲಿ ಪಂಪಿನ ಕೆಳಗೆ ಒಂದು ಶಿಮ್, ಅಂದರೆ ತೆಳು ತಗಡಿನ ತುಂಡು, ಸೇರಿಸಿದರೆ ಟೈಮಿಂಗ್ ಹಿಂದೆ ಬರುತ್ತದೆ. ಒಂದು ಡಿಗ್ರಿ, ಹೆಚ್ಚೆಂದರೆ ಎರಡು. ಅದಕ್ಕಿಂತ ಜಾಸ್ತಿ ಬೇಡ. ಡೀಸೆಲ್‌ನಲ್ಲಿ ಹೀಗೆ ಹಿಂದೆ ತಂದರೆ ಮಸಿ ಏರುತ್ತದೆ. ಬಯೋಡೀಸೆಲ್‌ನಲ್ಲಿ ಮಸಿ ಮೊದಲೇ ಇಳಿದಿರುವುದರಿಂದ ಅಷ್ಟು ಕೊಡುವ ಜಾಗ ನಮಗೆ ಸಿಗುತ್ತದೆ. ಸ್ಪಿಲ್ (ಪಂಪಿನ ಬಾಯಲ್ಲಿ ಎಣ್ಣೆ ಹರಿವು ಬದಲಾಗುವ ಕ್ಷಣ) ನೋಡಿ, ಫ್ಲೈವೀಲ್ ಗುರುತಿಗೆ ಹಿಡಿದು ಮಾಡಿ. ಅಂದಾಜಿನಲ್ಲಿ ಮಾಡಬೇಡಿ. ಮತ್ತೆ ಬರೀ ಡೀಸೆಲ್‌ಗೆ ಹೋದಾಗ ಆ ಶಿಮ್ ತೆಗೆಯಲು ಮರೆಯಬೇಡಿ. ನಾನು ಪಂಪಿನ ಮೇಲೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದಿರುತ್ತೇನೆ.

ಎಣ್ಣೆಯ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಸೋಯಾ, ಸೂರ್ಯಕಾಂತಿ ಬಯೋಡೀಸೆಲ್‌ನಲ್ಲಿ ನಾಕ್ಸ್ ಹೆಚ್ಚು, ಪಾಮ್ ಎಣ್ಣೆಯದರಲ್ಲಿ ಕಡಿಮೆ. ಆದರೆ ಪಾಮ್ ಚಳಿ ತಡೆಯುವುದಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಬಿಳಿ ಬಟ್ಟೆಯ ಪರೀಕ್ಷೆ

ಇದು ಅಕ್ಕನ ಸೆರಗು ನೋಡಿ ನನಗೆ ಹೊಳೆದದ್ದು. ಬಿಳಿ ಕಾಗದದ ಮೂಲಕ ಹೊಗೆ ಎಳೆದು ಕಪ್ಪು ಅಳೆಯುವ ಯಂತ್ರ ಬಹಳ ಹಿಂದಿನಿಂದ ಇದೆ. ನಮಗೆ ಅದು ಬೇಕಿಲ್ಲ. ಹಳೇ ಬಿಳಿ ಪಂಚೆ ಒಂದನ್ನು ಅಂಗೈ ಅಗಲದ ತುಂಡು ಮಾಡಿ ಇಟ್ಟುಕೊಳ್ಳಿ. ಎಲ್ಲ ತುಂಡೂ ಒಂದೇ ಪಂಚೆಯದ್ದಾಗಿರಲಿ. ಎಂಜಿನ್ ಅರ್ಧ ಗಂಟೆ ಓಡಿ ಬಿಸಿಯಾದ ಮೇಲೆ, ಕೆಲಸದ ಲೋಡ್ ಇರುವಾಗ, ತುಂಡನ್ನು ತಂತಿ ಚೌಕಟ್ಟಿಗೆ ಕಟ್ಟಿ ಉದ್ದ ಕೋಲಿನಲ್ಲಿ ಸೈಲೆನ್ಸರ್ ಬಾಯಿಂದ ಒಂದು ಗೇಣು ದೂರ ಹಿಡಿಯಿರಿ. ಹತ್ತು ಸೆಕೆಂಡ್. ಕೈಯಲ್ಲಿ ಹಿಡಿಯಬೇಡಿ, ಗಾಳಿಗೆ ಬೆನ್ನು ಮಾಡಿ ನಿಲ್ಲಿ. ಜನರೇಟರ್ ಆದರೆ ಆಂಪಿಯರ್ ಮೀಟರ್ ಎಷ್ಟು ತೋರಿಸುತ್ತಿತ್ತು ಎಂದು ಬಟ್ಟೆ ಮೂಲೆಯಲ್ಲೇ ಬರೆಯಿರಿ. ತಾರೀಖು, ಎಣ್ಣೆ ಎಷ್ಟು ಬೆರೆಸಿದ್ದು, ಅದನ್ನೂ ಬರೆಯಿರಿ.

ಮೊದಲ ತುಂಡು ಬರೀ ಡೀಸೆಲ್‌ನದು ಇರಲಿ. ಆಮೇಲೆ ಎಣ್ಣೆ ಬದಲಿಸಿದಾಗ, ನಾಜಲ್ ಮಾಡಿಸಿದಾಗ, ತಿಂಗಳಿಗೊಮ್ಮೆ ಒಂದೊಂದು. ಅಕ್ಕನ ಕಣದ ಮಷಿನ್ನಿನ ಏಳು ತುಂಡು ನನ್ನ ಶೆಡ್ಡಿನ ಮೊಳೆಗೆ ಸಾಲಾಗಿ ನೇತುಹಾಕಿದ್ದೇನೆ. ಮೊದಲನೆಯದು ಕಾಡಿಗೆ. ನಾಜಲ್ ಮಾಡಿದ ಮೇಲಿನದು ಬೂದಿ ಬಣ್ಣ. ಬಿ20 ಹಾಕಿದ್ದು ಅದಕ್ಕಿಂತ ಒಂದು ಕೈ ತಿಳಿ. ನೋಡಿ, ದೊಡ್ಡ ಇಳಿಕೆ ಬಂದದ್ದು ನಾಜಲ್‌ನಿಂದ, ಎಣ್ಣೆಯಿಂದ ಅಲ್ಲ. ಗಿರಾಕಿಗಳಿಗೆ ನಾನು ಬಾಯಲ್ಲಿ ಹೇಳುವುದಿಲ್ಲ, ಆ ಮೊಳೆ ತೋರಿಸುತ್ತೇನೆ.

ಬಟ್ಟೆ ಮಸಿ ಮಾತ್ರ ತೋರಿಸುತ್ತದೆ, ಅನಿಲ ತೋರಿಸುವುದಿಲ್ಲ. ಡೀಸೆಲ್ ಗಾಡಿಗಳ ಹೊಗೆ ತಪಾಸಣೆ ಕೇಂದ್ರದಲ್ಲಿ ನೋಡುವುದೂ ಹೊಗೆ ಎಷ್ಟು ದಟ್ಟ ಎಂದಷ್ಟೇ. ಬಿಎಸ್-4 ಗಾಡಿಗೆ ಮಿತಿ 50 ಎಚ್‌ಎಸ್‌ಯು (ಹೊಗೆಯ ದಟ್ಟಣೆ ಅಳೆಯುವ ಮಾನ), ಅದಕ್ಕಿಂತ ಹಳೆಯದಕ್ಕೆ 65. ನಾಕ್ಸ್ ಅಲ್ಲಿ ಅಳೆಯುವುದೇ ಇಲ್ಲ. ಚೀಟಿ ಪಾಸಾಯಿತು ಎಂದು ಸೈಲೆನ್ಸರ್ ಪಕ್ಕ ನಿಲ್ಲಬೇಡಿ.

ಹೊಗೆ ಎಲ್ಲಿಗೆ ಹೋಗುತ್ತದೆ

ಎಲ್ಲ ಸರಿ ಮಾಡಿದ ಮೇಲೂ ಹೊಗೆ ಇದ್ದೇ ಇರುತ್ತದೆ. ಅದನ್ನು ಮನುಷ್ಯರ ಮುಖದಿಂದ ದೂರ ಕಳಿಸುವುದು ನಮ್ಮ ಕೈಯಲ್ಲಿದೆ. ಅಕ್ಕನ ಕಣದ ಮಷಿನ್ನಿಗೆ ನಾನು ಮಾಡಿದ ಕೆಲಸಗಳಲ್ಲಿ ಅತಿ ಅಗ್ಗದ್ದು, ಅತಿ ಉಪಯೋಗಕ್ಕೆ ಬಂದದ್ದು ಒಂದೇ: ಸೈಲೆನ್ಸರ್ ಬಾಯಿಗೆ ಒಂದು ಬೆಂಡ್ ಹಾಕಿ, ಆಳೆತ್ತರ ದಾಟುವಂತೆ ಮೇಲಕ್ಕೆ ಪೈಪು ಏರಿಸಿ, ತುದಿಗೆ ಮಳೆ ತಡೆಯುವ ಮುಚ್ಚಳ ಹಾಕಿದ್ದು. ಪೈಪು ಸೈಲೆನ್ಸರ್‌ಗಿಂತ ಸಣ್ಣದಾಗಬಾರದು. ಸಣ್ಣದಾದರೆ ಹೊಗೆ ಹೊರಗೆ ಹೋಗಲಾರದೆ ಎಂಜಿನ್ ಉಸಿರುಕಟ್ಟಿ ಮತ್ತೆ ಮಸಿ ಬಿಡುತ್ತದೆ. ಕಣದಲ್ಲಿ ಮಷಿನ್ ನಿಲ್ಲಿಸುವಾಗ ಗಾಳಿ ಯಾವ ಕಡೆಗೆ ಬೀಸುತ್ತದೆ ನೋಡಿ, ಕೂಲಿಯವರು ಗಾಳಿ ಬರುವ ಕಡೆ ಇರುವಂತೆ ತಿರುಗಿಸಿ ನಿಲ್ಲಿಸಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಜನರೇಟರ್ ಇಟ್ಟವರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕ ಇದೆ. ಜನರೇಟರಿನ ಸಾಮರ್ಥ್ಯ ಹೇಳುವ ಕೆವಿಎ ಸಂಖ್ಯೆಯ ವರ್ಗಮೂಲ ತೆಗೆದು 0.2ರಿಂದ ಗುಣಿಸಿ. ಅಷ್ಟು ಮೀಟರ್ ಕಟ್ಟಡದ ಮೇಲಕ್ಕೆ ಪೈಪು ಇರಬೇಕು. 25 ಕೆವಿಎ ಆದರೆ ವರ್ಗಮೂಲ 5, ಗುಣಿಸಿದರೆ 1 ಮೀಟರ್. 100 ಕೆವಿಎಗೆ 2 ಮೀಟರ್. ಎಷ್ಟೋ ಕಡೆ ಪೈಪು ಹಿಂದಿನ ಗಲ್ಲಿಗೆ, ಪಾತ್ರೆ ತೊಳೆಯುವವರ ತಲೆಯ ಮೇಲೆ ತೆರೆದಿರುತ್ತದೆ. ಹೋಗಿ ಒಮ್ಮೆ ನೋಡಿ. ಮುಚ್ಚಿದ ಕೋಣೆಯಲ್ಲಂತೂ ಎಂಜಿನ್ ಓಡಿಸಲೇಬೇಡಿ. ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆ ಕೊಡುವುದಿಲ್ಲ.

ಚಳಿಗಾಲ, ಸಂಗ್ರಹ, ಚಿಂದಿ

ಡಿಸೆಂಬರ್, ಜನವರಿಯ ಬೆಳಗಿನ ಜಾವ ನಮ್ಮಲ್ಲಿ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಪಾಮ್ ಎಣ್ಣೆಯ ಬಯೋಡೀಸೆಲ್ ಅಷ್ಟು ಚಳಿಗೇ ಮಬ್ಬಾಗಿ, ತುಪ್ಪದ ಹಾಗೆ ಹೆಪ್ಪುಗಟ್ಟಲು ಶುರುವಾಗುತ್ತದೆ. ಆಗ ಬೆರೆಸುವುದನ್ನು ನೂರಕ್ಕೆ ಐದು ಹತ್ತಕ್ಕೆ ಇಳಿಸಿ. ಇಲ್ಲವೇ ಎರಡು ಚಿಕ್ಕ ಟ್ಯಾಂಕ್ ಇಟ್ಟು, ಚಾಲೂ ಮಾಡುವುದೂ ನಿಲ್ಲಿಸುವುದೂ ಬರೀ ಡೀಸೆಲ್‌ನಲ್ಲಿ ಮಾಡಿ. ತಣ್ಣಗಿನ ಎಂಜಿನ್ನಿಗೆ ಬಯೋಡೀಸೆಲ್ ಕೊಟ್ಟರೆ ಮೊದಲ ಹತ್ತು ನಿಮಿಷ ಬಿಳಿ ಹೊಗೆ, ಅದೆಲ್ಲ ಸುಡದ ಎಣ್ಣೆ. ಚಾಲೂ ಮಾಡಿ ಸುಮ್ನೆ ಐಡ್ಲಿಂಗ್‌ನಲ್ಲಿ ಬಿಡುವುದೂ ಬೇಡ. ಎರಡು ಮೂರು ನಿಮಿಷ ಬಿಟ್ಟು ಹಗುರ ಲೋಡ್ ಕೊಡಿ.

ಬಯೋಡೀಸೆಲ್ ಇಡುವುದಾದರೆ ಆರು ತಿಂಗಳ ಒಳಗೆ ಮುಗಿಸಿ. ನೆರಳಲ್ಲಿ, ಡ್ರಮ್ ತುಂಬಿ, ಬಿಗಿ ಮುಚ್ಚಿ ಇಡಿ. ತಾಮ್ರ, ಹಿತ್ತಾಳೆ, ಸತುವಿನ ಪಾತ್ರೆ ಬೇಡ, ಎಣ್ಣೆ ಬೇಗ ಹಳಸುತ್ತದೆ. ಹಳಸಿದ ಎಣ್ಣೆ ಮೂಸಿದರೆ ಹುಳಿ ಪೇಂಟಿನ ವಾಸನೆ ಬರುತ್ತದೆ. ಅದು ನಾಜಲ್‌ನಲ್ಲಿ ಅಂಟು ಕಟ್ಟುತ್ತದೆ, ಮತ್ತೆ ಮಸಿಗೆ ಬರುತ್ತದೆ.

ಕೈ ಒರೆಸಿದ ಚಿಂದಿ ಬಟ್ಟೆಯನ್ನು ಗುಡ್ಡೆ ಹಾಕಬೇಡಿ. ಬಯೋಡೀಸೆಲ್ ಹೀರಿದ ಬಟ್ಟೆ ಗುಡ್ಡೆಯಲ್ಲಿ ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಬಹುದು. ನನ್ನ ಶೆಡ್ಡಿನಲ್ಲಿ ಬಾಗಿಲ ಹೊರಗೆ ಒಂದು ಡಬ್ಬಿಯಲ್ಲಿ ನೀರು ತುಂಬಿಟ್ಟಿದ್ದೇನೆ. ಚಿಂದಿ ಅದರೊಳಗೆ ಹೋಗುತ್ತದೆ. ಮುಚ್ಚಳ ಹಾಕಿಯೇ ಮನೆಗೆ ಹೋಗುತ್ತೇನೆ.